ನೂಲಿನಿಂದ ತೆಗೆದ ಅಳತೆ

ದುರುಗಪ್ಪ, ಅಂದು ನಿನ್ನ ತಲೆಯಿಂದ ಕಿರೀಟ ಬಿದ್ದದ್ದು ನನ್ನ ತಪ್ಪಿನಿಂದ. ಅದು ನನಗೆ ಆ ಸಂಜೆಯೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಿದ್ದರೆ ಒಂದು ತೂಕ — ನಾನು ಬಾಯಿ ಬಿಟ್ಟೆ, ಬೇರೆಯೇ ಮಾತಿಗೆ ಬಿಟ್ಟೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಪ್ಪ ತೀರಿಕೊಂಡ ಮೇಲೆ ಬಯಲಾಟದ ಕಿರೀಟ, ಭುಜಕೀರ್ತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಲಿಯಿಂದ ಹೊಸಪೇಟೆಯವರೆಗೆ ಎಲ್ಲಿ ಆಟವಾದರೂ ರಾಜನ ತಲೆಯ ಮೇಲೆ ನನ್ನ ಕಿರೀಟವೇ. ಸೊಕ್ಕಿತ್ತು. ದುಡಿದು ಗಳಿಸಿದ ಸೊಕ್ಕು, ಇದ್ದರೆ ಇರಲಿ ಎಂದುಕೊಳ್ಳುತ್ತಿದ್ದೆ.

ಊರಾಚೆಯ ನಿಮ್ಮ ಕೇರಿಯವರೇ ಎಲ್ಲ ಪಾತ್ರ ಕಟ್ಟುತ್ತೀರೆಂದು ಹೇಳಲು ನೀನು ಬಂದಿದ್ದೆ. ಕೊಟ್ಟ ಮಾತಿಗಾಗಿ ರಾಜ್ಯ ಕಳೆದುಕೊಂಡು, ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾದ ರಾಜನ ಕಥೆ. ಊರಿನವರು ಆಡುವಾಗ ಸುಡುಗಾಡಿನ ಒಡೆಯ ಕೊನೆಗೆ ದೇವರಾಗಿಬಿಡುತ್ತಿದ್ದ. ನಿಮ್ಮ ಆಟದಲ್ಲಿ ಅವನು ಮನುಷ್ಯನೇ, ನಿಮ್ಮ ಕೇರಿಯವನೇ. ರಾಜ ತಾನಾಗಿ ಕಿರೀಟ ತೆಗೆದು ಅವನ ಕಾಲ ಬಳಿ ಇಡುತ್ತಾನೆ. ಅವನು ಅದರ ಕಡೆ ನೋಡುವುದೂ ಇಲ್ಲ, ರಾಜನಿಗೆ ರೊಟ್ಟಿ ಮುರಿದು ಕೊಡುತ್ತಾನೆ.

“ಅದೊಂದು ಗಳಿಗಿಗಾಗಿ ಇಡೀ ಆಟ ಕಟ್ಟೀವ್ರಿ ಈರಣ್ಣಾರ. ಕಿರೀಟ ಮಾತ್ರ ನಿಮ್ಮ ಕೈಯಾಂದ ಬೇಕ್ರಿ” ಎಂದೆ ನೀನು. ನಾನು ಉಬ್ಬಿಹೋದೆ.

ಕಿರೀಟ ತಲೆಗೆ ಕೂಡಬೇಕಾದರೆ ಮಾಡಿದವನ ಕೈ ಆ ತಲೆಯನ್ನು ಮುಟ್ಟಬೇಕು. ತಲೆಯ ಮೇಲಿಟ್ಟು, ಸುತ್ತಲೂ ಒತ್ತಿ ನೋಡಿ, ಸಡಿಲವಿದ್ದ ಕಡೆ ಒಳಗೆ ಬಟ್ಟೆಯ ಸಿಂಬಿ ತುರುಕಬೇಕು. ಊರ ಗೌಡರಿಗೂ, ಅಂಗಡಿಯ ಶೆಟ್ಟರ ಮಗನಿಗೂ ಹಾಗೆಯೇ ಮಾಡಿದವನು ನಾನು. ನಿನಗೆ? ಒಂದು ನೂಲು ಎಸೆದೆ. ನೀನೇ ತಲೆಗೆ ಸುತ್ತಿ, ಗಂಟು ಹಾಕಿ, ನನ್ನ ಅಂಗಡಿಯ ಕಟ್ಟೆಯ ಮೇಲಿಟ್ಟು ದೂರ ಸರಿದೆ. ನಾನು ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡೆ. ನೂಲು ಸುತ್ತಳತೆ ಹೇಳುತ್ತದೆ — ತಲೆಯ ಆಕಾರ ಹೇಳುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ರಾತ್ರಿ ಆಟಕ್ಕೆ ಊರವರು ಒಪ್ಪಲಿಲ್ಲ. ಇಳಿಹೊತ್ತಿನ ಬಿಸಿಲಲ್ಲೇ ಮುಗಿಸಬೇಕಾಯಿತು. ರಾಜನ ಬಣ್ಣ ಹಚ್ಚಿಕೊಂಡ ನೀನು ನನ್ನ ಹತ್ತಿರ ಬಂದೆ.

“ಅಲ್ಲಾಡಾಕತ್ತೈತ್ರಿ. ಒಂದೀಟು ನೀವ ಕುಂದರಿಸ್ರಿ.”

ಗೌಡರು ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. “ನೀನ ಒತ್ತಿ ಹಾಕ್ಕೊಳಲೇ, ಕುಂದರತೈತಿ” ಎಂದುಬಿಟ್ಟೆ.

ರಾಜನ ಮೊದಲ ಕುಣಿತದಲ್ಲೇ ಬಿತ್ತು. ಉರುಳಿ ಮದ್ದಲೆಯವನ ಕಾಲಿಗೆ ತಾಗಿ ನಿಂತಿತು.

“ಏನಲೇ ಈರಣ್ಣ, ನಿನ್ನ ಕೈಗುಣ ಇಷ್ಟೇನಲೇ?” ಗೌಡರು ಎಲ್ಲರೆದುರು ಕೇಳಿದರು. ಅದೊಂದನ್ನು ತಡೆದುಕೊಳ್ಳಲು ಆಗಲಿಲ್ಲ ನನಗೆ —

“ಕಿರೀಟದ್ದೇನು ತಪ್ಪಿಲ್ರಿ ಗೌಡ್ರ. ಆ ತಲಿ ಮ್ಯಾಲ ಕಿರೀಟ ನಿಂದ್ರೂದಿಲ್ರಿ.”

ಊರೇ ನಕ್ಕಿತು. ಅವರ ಜೊತೆ — ನಾನೂ. ಆಟ ಅಲ್ಲಿಗೇ ನಿಂತಿತು. ಸುಡುಗಾಡಿನ ಒಡೆಯನಾಗಿದ್ದ ನಿನ್ನ ಭಾವಮೈದುನ ಹನುಮಂತ ರೊಟ್ಟಿಯ ಗಂಟು ಹಿಡಿದು ಕೊನೆಯವರೆಗೂ ಮರೆಯಲ್ಲೇ ಉಳಿದ.

ಕಿರೀಟವನ್ನು ಅಂಗಡಿಗೆ ತಂದು, ಅದಕ್ಕೂ ನೀರು ಚಿಮುಕಿಸಿ ನನ್ನ ತಲೆಗಿಟ್ಟು ನೋಡಿಕೊಂಡೆ. ನಿನ್ನ ನೂಲು ನನ್ನ ತಲೆಗೂ ಸರಿಯಾಗಿತ್ತು, ಆದರೂ ಹಿಂದೆ ಹೆಬ್ಬೆರಳು ಹೋಗುವಷ್ಟು ಸಂದು. ಒಂದು ಹಿಡಿ ಬಟ್ಟೆ, ಅಷ್ಟೇ ಬೇಕಾಗಿತ್ತು. ಮುಂದಿನ ಆಟಕ್ಕೆ ಆ ಬಟ್ಟೆ ತುರುಕಿ ಶೆಟ್ಟರ ಮಗನ ತಲೆಗೆ ನನ್ನ ಕೈಯಾರೆ ಕೂಡಿಸಿದೆ. ನಿಂತಿತು. ಜನ ನೋಡಿ, “ಈರಣ್ಣ ಹೇಳಿದ್ದು ಖರೇ” ಅಂದರು.

ನೀವು ಮನೆಮಂದಿಯೆಲ್ಲ ಸಂಡೂರಿನ ಗಣಿ ಕೆಲಸಕ್ಕೆ ಹೋದಿರಿ. ಎಷ್ಟೋ ವರ್ಷದ ಮೇಲೆ, ಹೇಳಿಬಿಡಬೇಕೆಂದೇ ನಿನ್ನ ಗುಡಿಸಲಿಗೆ ಬಂದೆ. ಮೈಯೆಲ್ಲ ಅದಿರಿನ ಧೂಳು, ಎದ್ದು ನಿಂತೆ ನೀನು. ನಾನು ಬಾಯಿ ತೆರೆಯುವ ಮೊದಲೇ ನೀನೇ ಕೇಳಿದೆ —

“ಅವತ್ತು ನನ್ನ ಹೆಜ್ಜಿ ಎಲ್ಲಿ ತಪ್ಪಿತ್ರಿ ಈರಣ್ಣಾರ? ಭಾಳ ಸಲ ಹಾಕಿ ನೋಡೀನಿ, ತಿಳೀವಲ್ದು.”

ಜನರಂತೆ ನೀನೂ ತಲೆಯನ್ನು ದೂರುತ್ತಿರಬಹುದು, ಇಲ್ಲವೇ ನನ್ನನ್ನು ಬೈಯಬಹುದು ಎಂದುಕೊಂಡು ಬಂದಿದ್ದೆ. ನೀನು ನಿನ್ನ ಕಾಲನ್ನು ದೂರುತ್ತಿದ್ದೆ. “ತಿರುಗೂ ಮುಂದ ಒಂದು ಹೆಜ್ಜಿ ಜೋರಾತು” ಎಂದೆ. ನೀನು ತಲೆಯಾಡಿಸಿ, “ಹಂಗ ಇರಬೇಕ್ರಿ” ಅಂದೆ.

ನೀನು ತೀರಿಹೋದ ಸುದ್ದಿ ತಂದವನು ಹನುಮಂತ. ಕಟ್ಟೆಯ ಕೆಳಗೆ ನಿಂತು ಹೇಳಿದ — “ಕಡೀತನಕ ಗೋಡಿ ಹಿಡಕೊಂಡು ಆ ಹೆಜ್ಜಿ ಹಾಕತಿದ್ದ್ರಿ ನಮ್ಮ ಭಾವ.” ನಾನು ಆಗಲೂ ಹೇಳಲಿಲ್ಲ. ಮೇಲೆ ಬಂದು ಕೂತುಕೋ ಎಂದು ಕೂಡ ಅನ್ನಲಿಲ್ಲ.

ಅವನು ಹೋದ ಮೇಲೆ ಇದನ್ನು ಬರೆಯಲು ಕೂತೆ. ನಿನಗೆ ತಲುಪುವುದಿಲ್ಲ. ಹನುಮಂತನ ಗುಡಿಸಲಿಗೆ ಹೋಗಿ ಓದಿ ಹೇಳಬೇಕು. ಹೋಗುತ್ತೇನೆ ಎಂದು ಬರೆಯಲು ಕೈ ಬರುತ್ತಿಲ್ಲ, ದುರುಗಪ್ಪ — ಹಿಂದೆಯೂ ಒಮ್ಮೆ ಹೋಗಿ ಬಂದವನೇ ನಾನು.