ಬೇಡವಾದ ಎರಡನೇ ಕೇಬಲ್

ಗೆಳೆಯರೇ, ಇವತ್ತು ನನ್ನ ಕೆಲಸ ಸರಿಯಾಗಿ ಆದದ್ದೇ ತಪ್ಪಾಯಿತು. ಗುಲ್ಬರ್ಗಾ ಆಫೀಸಿನ ಸರ್ವರ್‌ನ ವರ್ಚುವಲ್ ಸ್ವಿಚ್‌ಗೆ, ಅಂದರೆ ಅದರೊಳಗಿನ ನೆಟ್‌ವರ್ಕ್ ಜೋಡಣೆಗೆ, ಎರಡು ಕೇಬಲ್ ಸೇರಿಸಿ ಒಂದೇ ಕೇಬಲ್‌ನಂತೆ ದುಡಿಯುವ ಹಾಗೆ ಬಾಂಡ್ ಮಾಡಿದ್ದೆ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ನಡೆಸಲಿ ಎಂದು. ಮ್ಯಾನೇಜರ್ ಸಾಹೇಬರು ಬಂದವರೇ ಒಂದನ್ನು ಕಿತ್ತರು. ಯಾವ ಕಂಪ್ಯೂಟರಿನ ಸಂಪರ್ಕವೂ ಕಡಿಯಲಿಲ್ಲ.

“ನೋಡ್ರಿ, ಏನೂ ಆಗಲಿಲ್ಲ! ಸುಮ್ಮನ ಎರಡು ಹಾಕೀರಿ. ಇದು ಕಮಲಾಪುರ ಆಫೀಸಿಗಿ ಆಗ್ತದ.”

“ಏನೂ ಆಗಬಾರದು ಅಂತನೇ ಹಾಕೀನ್ರಿ ಸರ್.”

ಕೇಬಲ್ ಸುತ್ತಿಕೊಂಡು ಜೀಪ್ ಹತ್ತಿದರು. ಜೀಪಿನ ಹಿಂದಿದ್ದ ಸ್ಟೆಪ್ನಿ ತೋರಿಸಿ ಕೇಳಿದೆ: “ಅದನ್ನ ಇಲ್ಲೇ ಇಳಿಸಿ ಹೋಗ್ರಿ ಸರ್. ಜೀಪು ನಾಕು ಗಾಲಿ ಮ್ಯಾಲೇ ಓಡ್ತದ.”

“ತಲಿ ಕೆಟ್ಟದೇನ್ರಿ ನಿಮಗ? ದಾರ್ಯಾಗ ಪಂಕ್ಚರ್ ಆದ್ರ?”

ಸಾಹೇಬರು ಪಂಕ್ಚರ್ ಆಗದೆಯೇ ಕಮಲಾಪುರ ಮುಟ್ಟಿದರಂತೆ. ಸ್ಟೆಪ್ನಿಯನ್ನು ಮಾತ್ರ ಯಾರೂ ಬಿಚ್ಚಿಲ್ಲ.