ದಪ್ಪ ಕಾಗದ

ಈರಪ್ಪ, ಆ ದಿನ ನಾನು ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ರಜೆಯ ಅರ್ಜಿಯ ಮೇಲಲ್ಲ — ರಾಜೀನಾಮೆಯ ಮೇಲೆ. ನನಗೆ ಗೊತ್ತಿತ್ತು. ಅದನ್ನು ಬರೆದವನೇ ನಾನು.

ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲ. ಜಮಖಂಡಿಯ ಕಾಲೇಜಿನಲ್ಲಿ ನಾನು ನೌಕರರ ಹಾಜರಿ, ರಜೆ ನೋಡುವ ಹಂಗಾಮಿ ಗುಮಾಸ್ತ. ನೀನು ಪ್ರಯೋಗಶಾಲೆಯ ಹಂಗಾಮಿ ಜವಾನ, ಬನಹಟ್ಟಿಯಲ್ಲಿ ಮಗ್ಗ ನಿಂತ ಮೇಲೆ ಬಂದವನು. ಗಾಜಿನ ನಳಿಗೆಗಳನ್ನು ತೊಳೆದು ನೀನು ಕಿಟಕಿಗೆ ಹಿಡಿಯುತ್ತಿದ್ದೆ. ಬೆಳಕು ನಿನ್ನ ಮುಖದ ಮೇಲೆ ನೀರಿನಂತೆ ಅಲುಗುತ್ತಿತ್ತು... ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಅದೇ. ಜೂನ್ ಬಂದರೆ ನೀನು ಕಾಯಂ ಆಗಬೇಕಿತ್ತು.

ಆ ಜಾಗ ಆಡಳಿತದವರ ಸಂಬಂಧಿಕನಿಗೆ ಬೇಕಾಗಿತ್ತು. ನಿನ್ನ ರಾಜೀನಾಮೆ ತಂದರೆ ನನ್ನ ಕಾಯಂ ಆದೇಶಕ್ಕೆ ಸಹಿ ಆಗುತ್ತದೆ ಎಂದರು ಹೆಡ್‌ಕ್ಲಾರ್ಕರು. ಇಲ್ಲ ಎನ್ನಲು ಬಾಯಿ ಬರಲಿಲ್ಲ ಎಂದರೆ ಸುಳ್ಳಾದೀತು — ಆ ಆದೇಶ ನನಗೆ ಬೇಕಿತ್ತು.

ರಜೆಯ ಅರ್ಜಿ ಎಂದು ನಾನು ಮುಂದಿಟ್ಟ ಕಾಗದವನ್ನು ನೀನು ಎರಡು ಬೆರಳ ನಡುವೆ ಹಿಡಿದು, ಸೀರೆಯ ಸೆರಗು ನೋಡುವವನ ಹಾಗೆ, ಮೆಲ್ಲಗೆ ತಿಕ್ಕಿದೆ.

"ರಾಯರ, ಈ ಸಲದ ಕಾಗದ ದಪ್ಪ ಐತಲ್ಲರಿ. ಸೂಟಿ ಅರ್ಜಿ ತೆಳ್ಳಗ ಇರ್ತಿತ್ತು."

ಅಕ್ಷರ ಬಾರದ ನೀನು ಸರಿಯಾಗಿಯೇ ಓದಿದ್ದೆ.

"ಹೊಸಾ ಕಾಗದ ಬಂದಾವ, ಈರಪ್ಪ. ಒತ್ತು."

"ನೀವು ಅಂದಮ್ಯಾಲೆ ಮುಗೀತ್ರಿ."

ನೀನು ಒತ್ತಿದೆ. ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ನಕ್ಕೆ. ರಜೆ ಮುಗಿಸಿ ಜೂನ್‌ನಲ್ಲಿ ಬಂದ ನಿನ್ನನ್ನು ಒಳಗೆ ಬಿಡಲಿಲ್ಲ. ನೀನು ಮೂರು ದಿನ ಗೇಟಿನಲ್ಲಿ ನಿಂತೆ. ನಾನು ಮೂರು ದಿನ ಹಿತ್ತಲ ಬಾಗಿಲಿನಿಂದ ಓಡಾಡಿದೆ. ಥೂ, ಅದೂ ಒಂದು ನಡಿಗೆಯೇ?

ಮುಂದೆ ವಿಶ್ವವಿದ್ಯಾಲಯವೊಂದರಲ್ಲಿ ನೌಕರ ವಿಭಾಗದ ಮುಖ್ಯಸ್ಥನಾದೆ. ಸಂಘದವರ ಎದುರು ಕೂತು ಎಷ್ಟೋ ತಂಟೆ ಬಗೆಹರಿಸಿದೆ. ಹೆಬ್ಬೆಟ್ಟಿನವರಿಗೆ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಒತ್ತಿಸಿಕೊಳ್ಳಬೇಕು ಎಂಬ ನಿಯಮ ತಂದೆ. ಅದಕ್ಕೆ ಹಾರ ಹಾಕಿದರು. ಕೊರಳು ಬಗ್ಗಿಸಿ ಹಾಕಿಸಿಕೊಂಡೆ. ನಿನ್ನ ಹೆಸರು ಹೇಳಲಿಲ್ಲ.

ನಿವೃತ್ತನಾದ ಮೇಲೆ, ಹೋದ ತಿಂಗಳು, ನಿನ್ನನ್ನು ಹುಡುಕಿಕೊಂಡು ಬನಹಟ್ಟಿಗೆ ಬಂದೆನಲ್ಲ — ಹೇಳಲೆಂದೇ ಬಂದಿದ್ದೆ. ನೀನು ಚಹಾ ಕೊಟ್ಟೆ. ನನ್ನ ಅಂಗಿಯ ತೋಳನ್ನು ಅದೇ ಎರಡು ಬೆರಳಲ್ಲಿ ಹಿಡಿದು "ಅರಿವಿ ಛಲೋ ಐತ್ರಿ" ಎಂದೆ. ಆಮೇಲೆ ತಲೆ ತಗ್ಗಿಸಿ ಕೇಳಿದೆ:

"ಒಂದ ನಳಿಗಿ ಒಡದಿದ್ದೆ ನಾನು. ಅದಕ್ಕ ತೆಗದ್ರು, ಅಲ್ಲೇನ್ರಿ ರಾಯರ?"

ಇಷ್ಟು ವರ್ಷ ನೀನು ಅದನ್ನು ಹೊತ್ತುಕೊಂಡಿದ್ದೆ. ನಾನು... ನಾನು ಚಹಾ ಕುಡಿದು ಎದ್ದು ಬಂದೆ.

ನಳಿಗೆ ಒಡೆದದ್ದಕ್ಕಲ್ಲ, ಈರಪ್ಪ. ನಿನ್ನದೇನೂ ತಪ್ಪಿರಲಿಲ್ಲ. ನಾಳೆ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಈ ಕಾಗದವನ್ನು ಮೊದಲು ನಿನ್ನ ಕೈಗೆ ಕೊಡುತ್ತೇನೆ, ತಿಕ್ಕಿ ನೋಡು. ಆಮೇಲೆ ನಿನ್ನ ಮನೆಯವರೆಲ್ಲರ ಎದುರು ಗಟ್ಟಿಯಾಗಿ ಓದುತ್ತೇನೆ. ಈ ಸಲ, ಇದರಲ್ಲಿ ಇರುವುದನ್ನೇ ಓದುತ್ತೇನೆ.