ಮದುವೆ ಗಂಡಿನ ಕೈಯಲ್ಲಿ ಮಾವನ ವಾಚು

ಚಿಕ್ಕಲಸಂದ್ರದಲ್ಲಿರುವ ನನ್ನ ಸೋದರಮಾವನಿಗೆ ಅಪರೂಪದ ಕೈಗಡಿಯಾರಗಳನ್ನು ಸಂಗ್ರಹಿಸುವ ಗೀಳು. ಬ್ಯಾಟರಿಯ ಹಂಗಿಲ್ಲದೆ ಸ್ಪ್ರಿಂಗು, ಹಲ್ಲುಚಕ್ರಗಳಿಂದಲೇ ನಡೆಯುವಂಥವು. ಒಂದರ ಗುಂಡಿ ಒತ್ತಿದರೆ ಗಂಟೆ ನಿಮಿಷಗಳನ್ನು ನಾದದಲ್ಲಿ ಹೇಳುತ್ತದೆ. ಇನ್ನೊಂದಕ್ಕೆ ಯಾವ ವರ್ಷ ಫೆಬ್ರವರಿಗೆ ಒಂದು ದಿನ ಹೆಚ್ಚೆಂಬುದೂ ಗೊತ್ತು. ಅದರ ಮುಖದ ಮೇಲೆ ಚಂದ್ರ ಬೆಳೆದು ಕರಗುತ್ತಾನೆ. ಹೆಚ್ಚಿನವು ಕೈಯ ಅಲುಗಾಟದಿಂದಲೇ ಕೀಲಿ ಪಡೆಯುತ್ತವೆ. ಬಿಚ್ಚಿಟ್ಟರೆ ಎರಡು ಮೂರು ದಿನಗಳಲ್ಲಿ ನಿಲ್ಲುತ್ತವೆ. ನಿಂತರೆ ತಾರೀಖು, ತಿಂಗಳು, ಚಂದ್ರ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ವಾಚುಗಳನ್ನು ತಿರುಗಿಸುತ್ತಿರಲೆಂದೇ ಯಂತ್ರಗಳು ಸಿಗುತ್ತವೆ. ಮಾವನಿಗೆ ಅವುಗಳಲ್ಲಿ ನಂಬಿಕೆಯಿಲ್ಲ. ಅವರಿಗೆ ನೆಂಟರಿದ್ದಾರೆ.

ಹೆಂಡತಿಯ ಕೈಗೊಂದು, ಮಗನ ಕೈಗೊಂದು, ವಾಕಿಂಗ್ ತಪ್ಪಿಸದ ನನ್ನ ತಂದೆಯ ಕೈಗೊಂದು. ಭಾನುವಾರ ಬಂತೆಂದರೆ ಮಾವ ನಾಡಿ ನೋಡುವವರಂತೆ ಎಲ್ಲರ ಮಣಿಕಟ್ಟು ಹಿಡಿದು ಕಿವಿಯಿಟ್ಟು ಆಲಿಸುತ್ತಾರೆ. ಇಷ್ಟು ಜನ ವಿದ್ಯಾವಂತರು ವಾಚಿಗಾಗಿ ಕೈಯಾಡಿಸುವುದನ್ನು ನಾನು ಹಲವು ಬಾರಿ ಖಂಡಿಸಿದ್ದೇನೆ. ಪ್ರಯೋಜನವಾಗಿಲ್ಲ.

ನನ್ನ ಮದುವೆ ನಿಶ್ಚಯವಾದಾಗ ನಾನಿಟ್ಟ ಷರತ್ತು ಒಂದೇ: ವರನಿಗೆ ಏನನ್ನೂ ಕೊಡಕೂಡದು. ವಾಚು, ಉಂಗುರ, ಸೂಟುಗಳನ್ನು ನಮ್ಮಲ್ಲಿ ಯಾರೂ ವರದಕ್ಷಿಣೆ ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ಹೆಸರು ಬದಲಾದ ಮಾತ್ರಕ್ಕೆ ಪದ್ಧತಿ ಬದಲಾಗದೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಗೆದ್ದವಳು ನಾನು. ವರನೂ ಒಪ್ಪಿದರು, ಆಮಂತ್ರಣದಲ್ಲೇ ಅಚ್ಚು ಹಾಕಿಸಿದೆವು. ಮುಂದೆ ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳ ಮದುವೆಗೆ ಇದೇ ಮೇಲ್ಪಂಕ್ತಿಯಾಗಬೇಕೆಂಬುದು ನನ್ನ ಹಂಬಲ.

ಮದುವೆಯ ಬೆಳಿಗ್ಗೆ ಉತ್ತರಹಳ್ಳಿಯ ಛತ್ರದಲ್ಲಿ ನೋಡುತ್ತೇನೆ, ವರನ ಕೈಯಲ್ಲಿ ಚಂದ್ರನ ವಾಚು.

"ಏನ್ ಮಾವ ಇದು?"

"ಕೊಟ್ಟಿಲ್ಲ ಕಣಮ್ಮ. ನಡೀತಿರ್ಲಿ ಅಂತ ಕಟ್ಟಿದೀನಿ ಅಷ್ಟೆ. ನನ್ ಎರಡೂ ಕೈ ಫುಲ್ಲು, ನೋಡು."

"ಇಡೀ ಛತ್ರದಲ್ಲಿ ಬೇರೆ ಕೈ ಸಿಗ್ಲಿಲ್ವಾ?"

"ಅಳಿಯಂದ್ರು ಇವತ್ತು ಒಂದೇ ಸಮ ನಮಸ್ಕಾರ ಹೊಡೀಬೇಕಲ್ಲ. ಸಖತ್ತಾಗಿ ಕೀ ತುಂಬುತ್ತೆ."

ವರ ಮಹಾಶಯರು ಮಣಿಕಟ್ಟು ನನ್ನತ್ತ ತಿರುಗಿಸಿದರು. "ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇದೆ, ಇಲ್ಲಿ ನೋಡು."

ನಾನು ಅದನ್ನು ಬಿಚ್ಚಿಸಿ, ಸೇರಿದ್ದವರೆದುರು ಗಟ್ಟಿಯಾಗಿ, ವರನ ಕಡೆಯವರು ಇದನ್ನು ಸ್ವೀಕರಿಸುವುದಿಲ್ಲವೆಂದು ಘೋಷಿಸಿ ಮಾವನಿಗೆ ಹಿಂತಿರುಗಿಸಿದೆ. ತತ್ವ ಗೆದ್ದಿತೆಂದು ಭಾವಿಸಿದೆ.

ತಿಂಡಿಯ ಪಂಕ್ತಿ ಮುಗಿಯುವಷ್ಟರಲ್ಲಿ ಚಿಕ್ಕಮ್ಮ ಧಾವಿಸಿ ಬಂದರು. "ಏನೇ ಇದು, ಗಂಡಿನ್ ಕಡೆಯವ್ರಿಗೆ ವಾಚು ಸಾಲ್ದಂತೆ? ಕಾರು ಕೇಳ್ತಿದಾರಂತೆ?"

ಮೂಲೆಯ ಕುರ್ಚಿಯಲ್ಲಿ ನನ್ನ ಭಾವೀ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ನಾವೇನೂ ಕೇಳೇ ಇಲ್ವಲ್ಲಮ್ಮ."

ನಾನು ಗುಂಪಿನಿಂದ ಗುಂಪಿಗೆ ಹೋಗಿ ಸವಿಸ್ತಾರವಾಗಿ ವಿವರಿಸಿದೆ. ಎಲ್ಲರೂ ಸಹಾನುಭೂತಿಯಿಂದ ಕೇಳಿದರು. ನಾನು ಬೆನ್ನು ತಿರುಗಿಸುತ್ತಲೇ ಒಬ್ಬರು ಹೇಳಿದ್ದು ಕೇಳಿಸಿತು: "ಪಾಪ, ಈಗ್ಲೇ ಗಂಡನ್ ಮನೆ ಪರ ವಹಿಸ್ಕೊಂಡು ಮಾತಾಡ್ತಾಳೆ."

ಇಂಥ ಸಭೆಯಲ್ಲಿ ವಾದಕ್ಕೆ ಯಾವ ಬೆಲೆಯೂ ಇಲ್ಲ. ಭಾವೀ ಅತ್ತೆಯ ಕಣ್ಣೀರು ನಿಲ್ಲಿಸಲು ಉಳಿದಿದ್ದ ದಾರಿ ಒಂದೇ. ಮಾವನ ಜೇಬಿನಿಂದ ವಾಚು ಈಸಿಕೊಂಡು, ಮಂಟಪದ ಮುಂದೆ ಎಲ್ಲರಿಗೂ ಕಾಣುವಂತೆ ನಾನೇ ವರನ ಕೈಗೆ ಕಟ್ಟಿದೆ. ಛತ್ರವೆಲ್ಲ ನಿರಾಳವಾಯಿತು. ಚಿಕ್ಕಮ್ಮ ತಮ್ಮ ಹೆಣ್ಣುಮಕ್ಕಳ ಬೆನ್ನು ತಟ್ಟಿ ಹೇಳುತ್ತಿದ್ದರು: "ನೋಡಿದ್ರಾ, ನಿಮ್ ಮದ್ವೇಲೂ ಮಾವ ಇಂಥದ್ದೇ ಕೊಡ್ತಾರೆ."

ಅಷ್ಟರಲ್ಲಿ ವೀಡಿಯೊದವನು ಕೈಯೆತ್ತಿದ. "ಮೇಡಂ, ಫೋಕಸ್ ಆಗ್ಲಿಲ್ಲ. ಬಿಚ್ಬಿಟ್ಟು ಇನ್ನೊಂದ್ಸಲ ಕಟ್ಟಿ. ಸ್ವಲ್ಪ ನಗ್ತಾ."